ದೇವರ ಬಿಟ್ಟಿ

ಅಪ್ಪನಿಗೆ ಲಕ್ವಾ ಹೊಡೆದ ವರ್ಷವೆಂದರೆ ನನಗೆ ಮೊದಲು ನೆನಪಾಗುವುದು ನನ್ನ ದಣಿವು. ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಗಂಗಾವತಿಯ ನಮ್ಮ ಕೇರಿ ಕತ್ತಲಾದೊಡನೆ ಮಲಗಿಬಿಡುತ್ತಿತ್ತು. ನನಗೆ ಮಾತ್ರ ಪುರಸೊತ್ತಿರಲಿಲ್ಲ. ಬೆಳಿಗ್ಗೆ ಅಪ್ಪನ ಮೈ ತೊಳೆದು, ಬಟ್ಟೆ ಬದಲಿಸಿ, ಗಂಜಿ ಉಣಿಸಿ, ಕೇರಿಯ ಮಿಷನ್ ಶಾಲೆಗೆ ಓಡಬೇಕು. ಮಕ್ಕಳಿಗೆ ಅಕ್ಷರ ತಿದ್ದಿಸಿ ಮಧ್ಯಾಹ್ನ ಮನೆಗೆ ಬಂದರೆ ಮತ್ತೆ ಅದೇ ಕೆಲಸ. ಸಂಜೆ ಹೆಂಗಸರನ್ನು ಪ್ರಾರ್ಥನೆಗೆ ಕೂಡಿಸುವುದೂ ನನ್ನ ಪಾಲಿಗೇ ಬಂದಿತ್ತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನಾನು. ಅವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿದ್ದವರು ನಾವಿಬ್ಬರೇ.

ಅಪ್ಪ ಉಪದೇಶಿಯಾಗಿದ್ದ. ಯೇಸುಸ್ವಾಮಿಯ ಸುವಾರ್ತೆ ಸಾರುತ್ತ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳನ್ನೆಲ್ಲ ಕಾಲ್ನಡಿಗೆಯಲ್ಲೇ ತಿರುಗಿದವನು. ಜ್ವರ ಬಂದರೂ ನಿಲ್ಲುತ್ತಿರಲಿಲ್ಲ. “ಹೋಗ್ಲಿಲ್ಲಂದ್ರ ಧಣಿ ಕೇಳ್ತಾನ” ಎನ್ನುತ್ತಿದ್ದ. ಧಣಿ ಎಂದರೆ ದೇವರು. ಪ್ರಾರ್ಥನೆಗೆ ಅವನು ಇಟ್ಟಿದ್ದ ಹೆಸರು ಹಾಜರಿ. ಅವ್ವ ಇದ್ದಾಗ ಅವಳೂ ನಾನೂ ಅದಕ್ಕೆ ನಗುತ್ತಿದ್ದೆವು, ಅವನು ನಗುತ್ತಿರಲಿಲ್ಲ. ನಾನೂ ಅವನ ಮಗಳೇ ತಾನೆ, ಸುಮ್ಮನೆ ಒಂದು ಗಳಿಗೆ ಕೂತರೆ ಯಾರೋ ಬಂದು ಕೇಳುತ್ತಾರೆ ಎಂಬ ಅಂಜಿಕೆ ನನ್ನಲ್ಲೂ ಇತ್ತು.

ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅಪ್ಪ ಹಾಜರಿಯನ್ನು ಬಿಟ್ಟ. ಅಷ್ಟಕ್ಕೇ ನಿಂತಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಪ್ರಭುಭೋಜನವೂ ಬೇಡವೆಂದ. ರೊಟ್ಟಿಯ ತುಣುಕನ್ನೂ ದ್ರಾಕ್ಷಾರಸವನ್ನೂ ಮನೆಗೇ ತರುತ್ತೇವೆಂದು ಸಭೆಯ ಅಯ್ಯನವರು ಹೇಳಿಕಳಿಸಿದರೆ ಗೋಡೆಯ ಕಡೆ ಮುಖ ತಿರುಗಿಸಿದ. ಅವನು ಇನ್ನು ಹೆಚ್ಚು ದಿನ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಜೀವನವಿಡೀ ದೇವರಿಗಾಗಿ ಸವೆದವನು ಕೊನೆಗೆ ದೇವರಿಂದಲೇ ಮುಖ ಮರೆಸಿಕೊಂಡು ಸಾಯುತ್ತಾನಲ್ಲ ಎಂಬ ಸಂಕಟ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಅಯ್ಯನವರು ಮೈಸೂರು ಸೀಮೆಯಿಂದ ಹೊಸದಾಗಿ ಬಂದಿದ್ದ ಪಾದ್ರಿಗಳು. ಬಹಳ ಒಳ್ಳೆಯವರು. ಆದರೆ ನಮ್ಮ ಮಾತು ಅವರಿಗೆ, ಅವರ ಮಾತು ನಮಗೆ ಒಮ್ಮೊಮ್ಮೆ ಅಡ್ಡಾದಿಡ್ಡಿಯಾಗಿ ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ತಾವೇ ಬಂದು ಅಪ್ಪನ ಹೊರಸಿನ ಪಕ್ಕ ಕೂತರು.

“ಉಪದೇಶಿಗಳೇ, ಯಾಕೆ ಇಷ್ಟು ಸಂಕೋಚ? ದೇವರ ಕೃಪೆಗೆ ನೀವೇನೂ ಮಾಡಬೇಕಾಗಿಲ್ಲ. ಅದು ಪೂರಾ ಬಿಟ್ಟಿ.”

ಅಪ್ಪ ಕಣ್ಣು ಬಿಟ್ಟು ಅವರನ್ನು ನೋಡಿದ. “ಗೊತ್ತೈತ್ರಿ ಅಯ್ಯನೋರ. ಅದಕ್ಕ ಅಂಜಿ ಮಕ್ಕೊಂಡೀನಿ.”

ಅಯ್ಯನವರು ಏನೂ ತಿಳಿಯದೆ ನನ್ನ ಮುಖ ನೋಡಿದರು. ಅವರ ಸೀಮೆಯಲ್ಲಿ ಬಿಟ್ಟಿ ಎಂದರೆ ಪುಕ್ಕಟೆ. ನಮ್ಮ ಕೇರಿಯಲ್ಲಿ ಬಿಟ್ಟಿ ಎಂದರೆ ಬೇಗಾರಿ. ಸರಕಾರದ ಸಾಹೇಬರು ಯಾರಾದರೂ ಊರೂರು ತಿರುಗುತ್ತ ದೌರಾ ಬಂದರೆ ಅವರ ಹಾಸಿಗೆ, ಪೆಟ್ಟಿಗೆ, ಪಾತ್ರೆಗಳನ್ನು ಹೊತ್ತು ಮುಂದಿನ ಊರಿಗೆ ಮುಟ್ಟಿಸಬೇಕು. ಕೂಲಿ ಕೇಳುವಂತಿಲ್ಲ, ಒಲ್ಲೆ ಅನ್ನುವಂತಿಲ್ಲ. ನನ್ನ ಅಜ್ಜ ಹುಲಿಹೈದರದ ದಾರಿಯಲ್ಲಿ ಹೀಗೆ ಹೊರೆ ಹೊತ್ತೇ ಮುದುಕನಾದವನು. ಒಮ್ಮೆ ಕಾಲು ಬಾತು ಏಳಲಾಗದೆ ಮಲಗಿದ್ದನಂತೆ. ಎಳೆದೊಯ್ದು ಚಾವಡಿಯ ಮುಂದೆ ಬಾರುಕೋಲಿನಿಂದ ಹೊಡೆದರು. ಅಪ್ಪ ಚಿಕ್ಕವನಿದ್ದಾಗ ಅದನ್ನು ಕಣ್ಣಾರೆ ನೋಡಿದ್ದ. ಈಗ ಅವನೂ ಏಳಲಾಗದೆ ಮಲಗಿದ್ದ.

ನಾನು ಬಿಡಿಸಿ ಹೇಳಿದಾಗ ಅಯ್ಯನವರು ತಲೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ, ಹಾಗಲ್ಲ, ಹಾಗಲ್ಲ” ಎಂದು ಬಹಳ ಹೊತ್ತು ವಿವರಿಸಿದರು. ಅಪ್ಪ ಹ್ಞೂಂ ಹ್ಞೂಂ ಎಂದ. ಅವನ ಆ ಹ್ಞೂಂ ನನಗೆ ಚೆನ್ನಾಗಿ ಗೊತ್ತು. ದೊಡ್ಡವರಿಗೆ ಎದುರಾಡಬಾರದೆಂದು ಅನ್ನುವುದು ಅದು.

ಆಮೇಲೆ ಅವನು ಗಂಜಿಯನ್ನೂ ಒಲ್ಲೆನೆನ್ನತೊಡಗಿದ. ಒಂದು ದಿನ ಶಾಲೆಯಿಂದ ಬಂದಾಗ ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. ಗಂಜಿ ಕಲಸಿ ಬಾಯಿಯ ಹತ್ತಿರ ಹಿಡಿದೆ. ತುಟಿ ಬಿಗಿ ಹಿಡಿದ.

“ದುಡಿಮಿ ಇಲ್ಲ, ಏನಿಲ್ಲ. ನನಗ್ಯಾಕ ಕೂಳು?” ಎಂದ.

ನನ್ನ ಸಿಟ್ಟು ನೆತ್ತಿಗೇರಿತು. ಬುದ್ಧಿ ಹೇಳುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

“ಹಂಗಾರ ನಾ ನಿನಗ ಬಿಟ್ಟಿ ಮಾಡಾಕತ್ತೀನೇನು? ಯಾವ ಧಣಿ ಹೊಡೀತಾನಂತ ನಿನ್ನ ಹೇಲು ಉಚ್ಚಿ ಬಳ್ಯಾಕತ್ತೀನಿ? ನಾಳೆ ಎದ್ದು ದುಡದು ಹಾಕ್ತೀ ಅಂತ ಉಣಸಾಕತ್ತೀನೇನು? ನೀ ನಮ್ಮಪ್ಪ ಅದೀ, ಅದಕ್ಕ. ಬಾಯಿ ತೆಗಿ!”

ಅಪ್ಪ ಹೆದರಿದವನಂತೆ ಬಾಯಿ ತೆರೆದ. ನುಂಗಿದ. ಮತ್ತೊಂದು ತುತ್ತು ಕೊಟ್ಟೆ, ಅದನ್ನೂ ನುಂಗಿದ. ಬಟ್ಟಲು ಖಾಲಿಯಾಗುವವರೆಗೂ ನನ್ನನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ, “ಅಂವನೂ ಹಿಂಗ ಅದಾನೇನವಾ?”

ದೇವರ ಬಗ್ಗೆ ಕೇಳುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಅಳು ಬಂತು. “ನನಗಿಂತ ಭಾಳ ಛಲೋ ಅದಾನಪ್ಪ. ನನ್ನಂಗ ಒದರ್ಯಾಡಂಗಿಲ್ಲ” ಎಂದೆ. ಅಪ್ಪನ ತುಟಿಯ ಒಂದು ಬದಿ ನಕ್ಕಿತು. “ಅಯ್ಯನೋರಿಗೆ ಬರಾಕ ಹೇಳು” ಎಂದ.

ಆ ಭಾನುವಾರ ಆರಾಧನೆ ಮುಗಿಸಿಕೊಂಡು ಅಯ್ಯನವರು ಬಂದರು. ನಮ್ಮ ಸಭೆಯಲ್ಲಿ ಬೊಗಸೆಯೊಡ್ಡಿ ರೊಟ್ಟಿ ತೆಗೆದುಕೊಳ್ಳುವುದು ರೂಢಿ. ಬಲಗೈ ಏಳದವನು ಬೊಗಸೆ ಎಲ್ಲಿಂದ ತರಬೇಕು? ಇಷ್ಟು ದಿನ ಅದೂ ಅವನಿಗೊಂದು ನಾಚಿಕೆಯಾಗಿತ್ತೆಂದು ಆಗ ಹೊಳೆಯಿತು. ಈಗ ಅವನು ಎಡಗೈಯನ್ನೂ ಎತ್ತಲಿಲ್ಲ. ಅಯ್ಯನವರ ಮುಂದೆ ಸುಮ್ಮನೆ ಬಾಯಿ ತೆರೆದ. ಅವರು ತುಣುಕನ್ನು ಅವನ ನಾಲಿಗೆಯ ಮೇಲಿಟ್ಟರು.

ನಾನು ನೀರಿನ ತಂಬಿಗೆಯನ್ನೂ ಬಾಯಿ ಒರೆಸುವ ಬಟ್ಟೆಯನ್ನೂ ಹಿಡಿದು ನಿಂತಿದ್ದೆ. ಅಪ್ಪ ನನ್ನ ಕಡೆ ಕಣ್ಣು ಹೊರಳಿಸಿದ. “ಸಾಕವಾ, ಕುಂದ್ರು. ನೀನೂ ತಗೋ.”

“ಒಲಿ ಮ್ಯಾಲ ಎಸರೈತಪ್ಪ” ಎಂದೆ.

“ಇರ್ಲಿ. ಕುಂದ್ರು.”

ಕೂತೆ. ಮಣ್ಣಿನ ಗೋಡೆ ಬೆನ್ನಿಗೆ ತಣ್ಣಗಿತ್ತು. ಅಯ್ಯನವರು ಕೊಟ್ಟ ತುಣುಕನ್ನು ನುಂಗಿದ್ದು ನೆನಪಿದೆ. ಅವರ ಕೊನೆಯ ಪ್ರಾರ್ಥನೆ ನೆನಪಿಲ್ಲ. ನಾನು ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದೆನಂತೆ. ಆಶೀರ್ವಾದಕ್ಕೆಂದು ಅಯ್ಯನವರು ನನ್ನನ್ನು ಎಬ್ಬಿಸಲು ಬಗ್ಗಿದಾಗ ಅಪ್ಪ ಎಡಗೈಯೆತ್ತಿ ಬೇಡವೆಂದು ಸನ್ನೆ ಮಾಡಿದನಂತೆ.