ಒಬ್ಬಳನ್ನು ಬಿಟ್ಟು ಹೇಳಿದ ಕಥೆಗಳು

ಜಗಳವಾಡದೆ ಒಬ್ಬರನ್ನು ಹೊರಗೆ ಹಾಕುವ ವಿದ್ಯೆ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. "ಬರಬೇಡಿ" ಎಂದು ಯಾರೂ ಹೇಳುವುದಿಲ್ಲ. ಮುಖ ಮುರಿದ ಹಾಗೆ ಮಾತಾಡುವುದು ನಮ್ಮ ಸಂಸ್ಕಾರವಲ್ಲವಲ್ಲ! ಉಪ್ಪಿಟ್ಟು ಕೊಟ್ಟು, ಲಿಫ್ಟಿನವರೆಗೆ ಬಂದು ಕಳಿಸಿಕೊಟ್ಟು, ಆಮೇಲೆ ಅವರಿಲ್ಲದ ಇನ್ನೊಂದು ವಾಟ್ಸಾಪ್ ಗ್ರೂಪ್ ಮಾಡುತ್ತೇವೆ. ನಾನು ಆ ಕೆಲಸವನ್ನು ಎಂಟು ವರ್ಷದ ಒಂದು ಹುಡುಗಿಗೆ ಮಾಡಿದೆ.

ಹೊರದೇಶದಲ್ಲಿ ನಾವಿರುವ ಊರಿನ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಸಣ್ಣ ಗ್ರಂಥಾಲಯವೊಂದು ತನ್ನ ಮಕ್ಕಳ ಕೋಣೆಯನ್ನು ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಮಗೆ ಬಿಟ್ಟುಕೊಟ್ಟಿತ್ತು. ಬಾಡಿಗೆ ಇರಲಿಲ್ಲ. ಷರತ್ತು ಒಂದೇ: ಯಾವ ಮಗುವನ್ನೂ ಬೇಡವೆನ್ನಬಾರದು. ಗಾಲಿಕುರ್ಚಿ ಬರಲು ಇಳಿಜಾರು, ಕಣ್ಣು ಕಾಣದ ಮಕ್ಕಳಿಗೆ ಮುಟ್ಟಿ ನೋಡುವ ಪುಸ್ತಕ, ಗದ್ದಲ ಸಹಿಸಲಾರದವರಿಗೆ ಮೂಲೆಯಲ್ಲೊಂದು ಬಟ್ಟೆಯ ಗುಡಾರ, ಎಲ್ಲವೂ ಅಲ್ಲಿತ್ತು. ನಾನು ನಿವೃತ್ತ ಶಿಕ್ಷಕಿ ಎಂದು ತಿಳಿದ ಅಲ್ಲಿನ ಗ್ರಂಥಪಾಲಕಿ ನನ್ನನ್ನು ಮ್ವಾಲಿಮು, ಅಂದರೆ ಅಲ್ಲಿನ ಸ್ವಾಹಿಲಿಯಲ್ಲಿ ಟೀಚರ್, ಎಂದೇ ಕರೆಯುತ್ತಿದ್ದಳು. ಹತ್ತು ಹನ್ನೆರಡು ಕನ್ನಡದ ಮಕ್ಕಳು ಚಾಪೆಯ ಮೇಲೆ ಕೂರುತ್ತಿದ್ದವು. ನಾನು ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ, ಅವು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದವು.

ಆ ಹುಡುಗಿಯ ತಂದೆಗೆ ಅಪ್ಪರ್ ಹಿಲ್‌ನ ಬ್ಯಾಂಕೊಂದರಲ್ಲಿ ಕೆಲಸ. ಬೆಂಗಳೂರಿನಿಂದ ಬಂದು ವರ್ಷವೂ ಆಗಿರಲಿಲ್ಲ. ಹುಡುಗಿ ಮಾತಾಡುತ್ತಿರಲಿಲ್ಲ. ಎರಡು ಶಾಲೆಗಳು ಅವಳನ್ನು ಸೇರಿಸಿಕೊಳ್ಳಲು ಒಪ್ಪಿರಲಿಲ್ಲ. ಮೊದಲ ದಿನವೇ ಅವಳ ತಾಯಿ ನನ್ನ ಕೈ ಹಿಡಿದುಕೊಂಡು, "ವಾರದಲ್ಲಿ ಇದೊಂದೇ ಗಂಟೆ ಆಂಟಿ, ಇವಳು ಬೇರೆ ಮಕ್ಕಳ ಜೊತೆ ಕೂರೋದು," ಎಂದಳು. ನನಗೆ ಹೆಮ್ಮೆಯೇ ಆಯಿತು. ಎಲ್ಲರನ್ನೂ ಸೇರಿಸಿಕೊಳ್ಳುವ ದೊಡ್ಡ ಮನಸ್ಸು ನನ್ನದು ಎಂದು ಮನೆಗೆ ಬಂದು ಗಂಡನ ಮುಂದೆ ಕೊಚ್ಚಿಕೊಂಡೆ.

ಹುಡುಗಿ ನನ್ನ ಬಲಗಡೆ, ಮೊಣಕಾಲಿಗೆ ತಾಗಿಕೊಂಡೇ ಕೂರುತ್ತಿದ್ದಳು. ಕಥೆ ರಂಗೇರಿದಂತೆ ಗಂಟಲಿನಿಂದ ಒಂದು ಸದ್ದು ಹೊರಡಿಸುತ್ತಿದ್ದಳು, ಉದ್ದಕ್ಕೆ, ಜೋರಾಗಿ. ಅದು ಅವಳ ಖುಷಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೈ ಉರಿಯುತ್ತಿತ್ತು. ರಾಕ್ಷಸ ಗುಹೆಯಿಂದ ಹೊರಬರುವಾಗ ನಾನು ದನಿ ತಗ್ಗಿಸಿದರೆ ಅವಳು ಏರಿಸುತ್ತಿದ್ದಳು. ಉಳಿದ ಮಕ್ಕಳು ಅವಳನ್ನು ಅಣಕಿಸಲು ಕಲಿತವು. ಎಲ್ಲರಿಗಿಂತ ಚೆನ್ನಾಗಿ ಅಣಕಿಸಿದ್ದು ನನ್ನ ಮೊಮ್ಮಗ. ನಾನು ಅವನನ್ನು ಗದರಲಿಲ್ಲ.

ಕಿಲಿಮಾನಿಯ ನಮ್ಮ ಫ್ಲ್ಯಾಟಿನಲ್ಲಿ ನಾಲ್ಕು ಜನ ತಾಯಂದಿರು ಸೇರಿದರು. "ಪಾಪ, ಆ ಮಗು ಬಗ್ಗೆ ನಮಗೇನೂ ಇಲ್ಲ ಆಂಟಿ," ಎಂದಳು ಒಬ್ಬಳು. "ಬಟ್ ನಮ್ ಮಕ್ಳ ಕಾನ್ಸಂಟ್ರೇಶನ್ ಹೋಗ್ತಿದೆ." ಇನ್ನೊಬ್ಬಳು, "ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು, ಹಾಗೇನಾದ್ರೂ ಮಾಡಿ," ಎಂದಳು. ಎಂಟು ವರ್ಷದ ಮಗುವನ್ನು ಹಾವೆಂದದ್ದಕ್ಕೆ ಯಾರಿಗೂ ಏನೂ ಅನ್ನಿಸಲಿಲ್ಲ. ನಾನೇ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಬಗ್ಗಿಸಿದೆ.

ಉಪಾಯವೂ ನನ್ನದೇ. ಮಕ್ಕಳಿಗೆ ಬೆಳಿಗ್ಗೆ ಈಜಿನ ಕ್ಲಾಸಿದೆ ಎಂದು ಗ್ರಂಥಪಾಲಕಿಗೆ ಸುಳ್ಳು ಹೇಳಿ, ಕಥೆಯನ್ನು ಮಧ್ಯಾಹ್ನ ಎರಡಕ್ಕೆ ಹಾಕಿಸಿಕೊಂಡೆ. ಎಲ್ಲರಿಗೂ ತಿಳಿಸಿದ್ದೇವೆ ಎಂದೂ ಸೇರಿಸಿದೆ. ಹೊಸ ಗ್ರೂಪಿಗೆ ಒಂದು ನಂಬರ್ ಬಿಟ್ಟು ಉಳಿದವರನ್ನೆಲ್ಲ ಸೇರಿಸಿದೆ. ಹಳೆಯ ಗ್ರೂಪಿನಲ್ಲಿ ಯುಗಾದಿಯ ಶುಭಾಶಯ ಹಾಕಿ ಸುಮ್ಮನಾದೆವು. ಬೆಳಿಗ್ಗೆ ಒಂದೆರಡು ಸಲ ಬಂದು, ಯಾರೂ ಇಲ್ಲದ್ದು ನೋಡಿ, ಆ ತಾಯಿ ತಾನಾಗಿಯೇ ನಿಲ್ಲಿಸುತ್ತಾಳೆ ಎಂದು ನಮ್ಮ ಲೆಕ್ಕ.

ಐದಾರು ವಾರ ಕಳೆದಿರಬೇಕು. ಒಂದು ಶನಿವಾರ ಬೆಳಿಗ್ಗೆ, ವಾಯಿದೆ ಮುಗಿದ ಪುಸ್ತಕಗಳನ್ನು ಹಿಂದಿರುಗಿಸಲು ಹೋದೆ. ಮಕ್ಕಳ ಕೋಣೆಯ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಇದ್ದವು. ಒಳಗೆ ಖಾಲಿ ಚಾಪೆಯ ಮೇಲೆ, ಪ್ರತಿ ವಾರ ಕೂರುವ ಜಾಗದಲ್ಲೇ ಹುಡುಗಿ ಕೂತಿದ್ದಳು. ತಾಯಿ ಗೋಡೆಗೊರಗಿದ್ದಳು. ನಾನು ಹಾಗೇ ತಿರುಗಿ ಹೋಗುತ್ತಿದ್ದೆ, ಅಷ್ಟರಲ್ಲಿ ಅವಳು ನೋಡಿಬಿಟ್ಟಳು.

"ಬನ್ನಿ ಆಂಟಿ. ಎರಡು ಗಂಟೆಗೆ ಬದಲಾಗಿರೋದು ಗೊತ್ತು. ಎರಡನೇ ವಾರಾನೇ ಲೈಬ್ರರಿಯವರು ಹೇಳಿದ್ರು."

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನೂ ಜಗಳವಾಡಿ ಗೆಲ್ಲುತ್ತಿದ್ದೆ. ಸಿಟ್ಟಿರಲಿಲ್ಲ. "ಮತ್ತೆ ಯಾಕಮ್ಮ ಬರ್ತೀಯಾ?" ಎಂದೆ. ಇಂಥ ಮಾತು ಹೇಗೆ ಬಾಯಿಗೆ ಬಂತೋ!

"ಕರೀದೇ ಇರೋ ಕಡೆ ಎರಡು ಗಂಟೆಗೆ ಹೇಗೆ ಬರ್ಲಿ? ಆದ್ರೆ ಇವಳಿಗೆ ಶನಿವಾರ ಬೆಳಿಗ್ಗೆ ಅಂದ್ರೆ ಇದೇ ಜಾಗ. ಎಂಟು ಗಂಟೆಗೇ ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಂತ್ಕೋತಾಳೆ. ಕರ್ಕೊಂಡು ಬರದೇ ಇದ್ರೆ ತಲೆ ಚಚ್ಕೋತಾಳೆ. ಕಥೆ ಇಲ್ಲ ಅಂತ ನಾನು ಹೇಳಿದ್ರೆ ಕೇಳಲ್ಲ. ಕಥೆ ಹೇಳೋರು ನೀವು. ನೀವೇ ಹೇಳಿಬಿಡಿ ಆಂಟಿ."

ನನ್ನ ಕೈಯಲ್ಲಿ ನಾಲ್ಕು ಚಿತ್ರಪುಸ್ತಕಗಳಿದ್ದವು, ಒಂದು ಗಂಟೆಯ ಪುರಸೊತ್ತಿತ್ತು. ಕೂತು ಒಂದು ಕಥೆ ಹೇಳಬಹುದಿತ್ತು. ಆದರೆ ಇವತ್ತು ಹೇಳಿದರೆ ಮುಂದಿನ ವಾರವೂ ಕಾಯುತ್ತಾಳೆ, ಆಮೇಲೆ ಆ ನಾಲ್ವರಿಗೆ ಏನು ಉತ್ತರ ಕೊಡಲಿ ಎಂದು ಯೋಚಿಸಿದೆ. ಚಾಪೆಯ ಅಂಚಿನಲ್ಲಿ ಕೂತು, ತರಗತಿಯಲ್ಲಿ ಮಾತಾಡುವ ದನಿಯಲ್ಲೇ, "ಪುಟ್ಟಾ, ಇನ್ಮೇಲೆ ಇಲ್ಲಿ ಕಥೆ ಇಲ್ಲ. ಬರಬೇಡ," ಎಂದೆ. ಅಷ್ಟು ನೇರವಾಗಿ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳು ಜರುಗಿ ಬಂದು ನನ್ನ ಮೊಣಕಾಲಿಗೆ ತಾಗಿ ಕೂತಳು. ಮೇಲಿನ ಪುಸ್ತಕ ಎಳೆದುಕೊಂಡು, ಮೊದಲ ಪುಟ ತೆರೆದು, ನನ್ನ ಮಡಿಲಲ್ಲಿಟ್ಟಳು. ನಾನು ಅದನ್ನು ಮುಚ್ಚಿದೆ. ಅವಳು ಮತ್ತೆ ತೆರೆದಳು. ಮತ್ತೆ ಮುಚ್ಚಿ, ಈ ಸಲ ಮೇಲೆ ಅಂಗೈ ಒತ್ತಿ ಹಿಡಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಲು ನೋಡಿದಳು. ನಾನು ಇನ್ನೂ ಬಿಗಿಹಿಡಿದೆ. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

"ಸಾಕು ಆಂಟಿ, ಅರ್ಥ ಆಯ್ತು ಅವಳಿಗೆ," ಎಂದು ತಾಯಿ ಮಗಳನ್ನು ಎಬ್ಬಿಸಿಕೊಂಡಳು. ಹುಡುಗಿ ಸದ್ದೇ ಮಾಡದೆ ಹೋದಳು.

ಮುಂದಿನ ಶನಿವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ನನಗೆ ಹಾಯೆನಿಸಿತು, ಸುಳ್ಳು ಹೇಳಲಾರೆ. ಮಧ್ಯಾಹ್ನದ ಹೊತ್ತು ಯಾರಿಗೂ ಒಗ್ಗಿರಲಿಲ್ಲ, ಉಂಡ ಮಕ್ಕಳು ತೂಕಡಿಸುತ್ತಿದ್ದವು. ಇನ್ನು ಆ ತಾಯಿ ಮಗಳು ಬರುವುದಿಲ್ಲ ಎಂದು ಗ್ರಂಥಪಾಲಕಿಯನ್ನು ಕೇಳಿ ಖಚಿತಮಾಡಿಕೊಂಡು, ತಿಂಗಳೊಳಗೆ ಕಥೆಯನ್ನು ಮತ್ತೆ ಬೆಳಿಗ್ಗೆ ಹತ್ತಕ್ಕೇ ಶುರುಮಾಡಿದೆವು.