ಕಡಲಗುಹೆಯ ಗುಡಿಗೆ ಬಂದ ಅಕ್ಕ
ಸಮುದ್ರರಾಜನ ಮಗಳು ಹೆತ್ತ ಕೂಸನ್ನು ದಡದ ಗುಹೆಯಲ್ಲೇ ಬಿಟ್ಟು ನೀರಿಗೆ ಮರಳಿದಳಂತೆ. ಸಾಕಿದವಳು ಅವಳ ತಂಗಿ. ಈಗ ಗುಡಿಯಾಗಿರುವ ಆ ಗುಹೆಯ ಮುಂದೆ ಹಿಸಾನೊ ಮಿಠಾಯಿ ಮಾರುತ್ತಿದ್ದಳು. ಅವಳ ಅಕ್ಕ ಮಿತ್ಸುಯೊ ತನ್ನ ಹಸುಗೂಸು ನಾಗಿಸಾಳನ್ನು ಇವಳ ಮಡಿಲಿಗೆ ಹಾಕಿ ಒಸಾಕಾಕ್ಕೆ ಹೋದವಳು ಇತ್ತ ತಲೆಹಾಕಿರಲಿಲ್ಲ. ಹಿಸಾನೊ ಮದುವೆಯ ಗೊಡವೆಗೆ ಹೋಗದೆ ಮಗುವನ್ನು ಬೆಳೆಸಿದಳು.

ನಾಗಿಸಾ ಬಸುರಿಯಾಗಿ ಪ್ರಾರ್ಥನೆಗೆ ಬಂದ ದಿನ ಮಿತ್ಸುಯೊ ಕೂಡ ಬಂದು, ಗುಹೆಗಿಳಿಯುವ ಮೆಟ್ಟಿಲ ಬಳಿ ನಿಂತಳು.

"ನಾನೂ ಬರ್ಲೇನೇ?" ಎಂದು ತಂಗಿಯನ್ನು ಕೇಳಿದಳು.

"ನನ್ನನ್ಯಾಕ್ ಕೇಳ್ತೀಯಕ್ಕ? ಅವಳನ್ನ ಕೇಳು."

ನಾಗಿಸಾ "ಬನ್ನಿ," ಎಂದಳು ಮಿತ್ಸುಯೊಗೆ, ಗುರುತಿಲ್ಲದವರಿಗೆ ಹೇಳುವಂತೆ. ಆಮೇಲೆ ಹಿಸಾನೊಳ ಕಡೆ ತಿರುಗಿ, "ಅಮ್ಮಾ, ಮೆಟ್ಲು ಜಾರುತ್ತೆ, ನನ್ ಕೈ ಹಿಡ್ಕೊ" ಅಂದಳು.

ಹಿಸಾನೊ ಅಂಗಡಿಯನ್ನು ಹಾಗೆಯೇ ಬಿಟ್ಟು ಅವಳ ಜೊತೆ ಇಳಿದಳು. ಮಿತ್ಸುಯೊ ಹಿಂದೆ ಬಂದಳು.