ಊಟಕ್ಕೆ ಕೂತಂತೆ ಕೂರಿ ಎನ್ನುವ ಸುಮಿತ್ರಾಬಾಯಿ

ಸೊಲ್ಲಾಪುರದ ಗಿರಣಿಯಲ್ಲಿ ಪಾಳಿಗೆ ಕರೆಯುವ ಮೊದಲ ಭೋಂಗಾ ಕೂಗಿ ಹತ್ತು ನಿಮಿಷವೂ ಆಗಿಲ್ಲ. ಬಟ್ಟೆ ಪೇಟೆಯ ಹಿಂದಿನ ಓಣಿಯ ಹಳೆಯ ಮಾಳಿಗೆಯೊಂದರಲ್ಲಿ ಸುಮಿತ್ರಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಜಮಖಾನೆ ಹಾಸುತ್ತಿದ್ದಾರೆ. ಆರು ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ ಆಗಿದೆ. ಹತ್ತಕ್ಕೆ ಹುಡುಗಿಯರು ಹೊಲಿಗೆ ಕಲಿಯಲು ಬರುತ್ತಾರೆ, ಅಲ್ಲಿಯತನಕ ಕೋಣೆ ಇವರದು. ಅಕ್ಕಲಕೋಟೆಯಿಂದ ಮೊದಲ ಬಸ್ಸು ಬರುವ ಹೊತ್ತು. ಅದರಲ್ಲಿ ಕುರನೂರಿನ ಒಂದು ಮನೆಯವರು ನಾಲ್ಕನೆಯ ಸಲ ಬರಬೇಕು.

"ಬಂದ್ರ," ಎನ್ನುತ್ತಾರೆ ಸುಮಿತ್ರಾಬಾಯಿ, ಜಮಖಾನೆಯ ಮಡಿಕೆಯನ್ನು ಕಾಲಿನಿಂದ ಸರಿಪಡಿಸುತ್ತ. "ನಮ್ಮ ಕೆಲಸದಾಗ 'ಬಂದ್ರ' ಅನ್ನೂದು ಭಾಳ ದೊಡ್ಡ ಮಾತ ನೋಡ್ರಿ."

ಆ ಮನೆಯ ಸೊಸೆ ಕಲ್ಯಾಣಮ್ಮ. ಬರುವ ಅಮಾವಾಸ್ಯೆಯೊಳಗೆ ಅವರ ಮೂರ್ಛೆ ನಿಲ್ಲದಿದ್ದರೆ ತವರಿಗೆ ಬಿಟ್ಟು ಬರುವುದೆಂದು ಮನೆಯವರು ತೀರ್ಮಾನಿಸಿದ್ದಾರೆ. ಇಬ್ಬರು ಮಕ್ಕಳು ಮಾತ್ರ ಕುರನೂರಿನಲ್ಲೇ ಉಳಿಯಬೇಕು. ಅಮಾವಾಸ್ಯೆಗೆ ಇನ್ನು ಐದೇ ದಿನ. (ಈ ಮನೆಯವರ ಕತೆಯನ್ನು ಅವರನ್ನು ಕೇಳಿಯೇ ಬರೆದದ್ದು. ಹೆಸರುಗಳು ಮಾತ್ರ ಬೇರೆ.)

ಸುಮಿತ್ರಾಬಾಯಿ ಮಾಡುವ ಕೆಲಸಕ್ಕೆ ಕುಟುಂಬ ಚಿಕಿತ್ಸೆ ಎಂದು ಹೆಸರು. ನಮ್ಮ ಕಡೆ ಈ ಮಾತು ಕೇಳಿದವರೇ ಕಡಿಮೆ. ಮನೆಯಲ್ಲಿ ಒಬ್ಬರಿಗೆ ನಿದ್ದೆ ಬಾರದು, ಇನ್ನೊಬ್ಬರು ಅನ್ನ ಮುಟ್ಟರು, ಮತ್ತೊಬ್ಬರಿಗೆ ಮೂರ್ಛೆ. ವೈದ್ಯರು ಪರೀಕ್ಷಿಸಿ ದೇಹದಲ್ಲಿ ದೋಷವಿಲ್ಲ ಎಂದ ಮೇಲೆ, ಆ ಒಬ್ಬರನ್ನಷ್ಟೇ ನೋಡದೆ ಮನೆಯವರೆಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಇದರ ರೀತಿ. ಒಬ್ಬರ ಬೇನೆಯಲ್ಲಿ ಇಡೀ ಮನೆಯ ತ್ರಾಸು ಇರಬಹುದು ಎಂಬುದು ಇದರ ನಂಬಿಕೆ.

ಸುಮಿತ್ರಾಬಾಯಿಯವರದು ಇದೇ ಊರಿನ ವ್ಯಾಪಾರದ ಮನೆತನ. ತಂದೆ ರಾಚಪ್ಪನವರಿಗೆ ಚಾದರ, ಟವೆಲ್ಲಿನ ಅಂಗಡಿಯಿತ್ತು. ಮದುವೆಯಾಗಿ, ಮಗಳು ಸಾಲೆಗೆ ಹೋಗತೊಡಗಿದ ಮೇಲೆ, ಮೂವತ್ತೊಂದನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಎರಡು ವರ್ಷ ಇದನ್ನು ಕಲಿತು ಬಂದರು. ಸೋದರತ್ತೆ ಕಸ್ತೂರಬಾಯಿ ಆಗ ಆಡಿದ ಮಾತನ್ನು ಈಗಲೂ ನಗುತ್ತ ಹೇಳುತ್ತಾರೆ: "ಮಂದಿ ಮನೀ ಜಗಳ ಕೇಳಾಕ ಮುಂಬೈಕ್ಕ ಹೋಗಿ ಡಿಗ್ರಿ ತರಬೇಕೇನ? ನಳದ ಮುಂದ ಕೊಡಾ ಹಿಡಕೊಂಡ ನಿಂದರು, ಎಲ್ಲಾ ಕೇಳತಾವು!"

"ನಿಮ್ಮ ಮನೆಯಲ್ಲಿ ಜಗಳವಿಲ್ಲವೆ?" ಎಂದು ಎಲ್ಲರೂ ಕೇಳುತ್ತಾರೆ. "ಅಯ್ಯ, ನಮ್ಮನ್ಯಾಗ ನನ್ನ ಮಾತ ಯಾರ ಕೇಳ್ತಾರ್ರಿ? ಅಲ್ಲಿ ನಾ ಬರೇ ಸೊಸಿ!"

ಮೊದಲ ವರ್ಷ ಬಂದದ್ದು ಹನ್ನೊಂದೇ ಮನೆ. ಕೆಳಗೆ ಬೋರ್ಡು ಹಾಕಿದಾಗ ಅದನ್ನು ಓದಿದವರು ಮೆಟ್ಟಿಲು ಹತ್ತದೆ ಮುಂದೆ ಹೋಗುತ್ತಿದ್ದರು. ಬೋರ್ಡು ತೆಗೆದ ಮೇಲೆ ಜನ ಬರತೊಡಗಿದರು. ಈಗ ಬಾಗಿಲಲ್ಲಿ ಹೊಲಿಗೆ ಕ್ಲಾಸಿನ ಮರಾಠಿ ಫಲಕವೊಂದೇ ಇದೆ. ಹಾದಿಯಲ್ಲಿ ಯಾರಾದರೂ ಕೇಳಿದರೆ ಹೊಲಿಗೆ ಕಲಿಯಲು ಹೊರಟಿದ್ದೇವೆಂದು ಹೇಳಬಹುದು. ಮೀಸೆ ಹೊತ್ತ ಗಂಡಸರೂ ಹಾಗೆ ಹೇಳಿದ್ದುಂಟು. ಕೆಲವರು ವೈದ್ಯರ ಚೀಟಿ ಹಿಡಿದು ಬರುತ್ತಾರೆ, ಹೆಚ್ಚಿನವರನ್ನು ಊರಿನ ಬೀಡಿ ಕಟ್ಟುವ ಹೆಂಗಸರು ಬಾಯಿಂದ ಬಾಯಿಗೆ ಹೇಳಿ ಕಳಿಸುತ್ತಾರೆ. ತಿಂಗಳಿಗೆ ಈಗ ಹದಿನಾಲ್ಕು, ಹದಿನೈದು ಮನೆ. ಒಂದು ಬೈಠಕ್ಕಿಗೆ ಒಂದೂಕಾಲು ತಾಸು, ವಾರಕ್ಕೊಮ್ಮೆ, ಆರೆಂಟು ವಾರ. ಹತ್ತು ಮನೆಯಲ್ಲಿ ನಾಲ್ಕು ಮನೆಯವರು ಎರಡನೆಯ ಸಲ ಬರುವುದೇ ಇಲ್ಲ.

ಇಂಥ ಸಲಹೆಗಾರರನ್ನು ಹುಡುಕುವವರು ಏನು ನೋಡಬೇಕು? ಸುಮಿತ್ರಾಬಾಯಿ ತಮ್ಮನ್ನೂ ಬಿಡದೆ ಹೇಳುತ್ತಾರೆ: "ಎಲ್ಲಿ ಕಲತೀರಿ ಅಂತ ನಾಚದ ಕೇಳ್ರಿ. ಎಲ್ಲಾರ ಮಾತೂ ಕೇಳ್ತಾರೋ, ಒಬ್ಬರ ಕಡೆ ವಾಲ್ತಾರೋ ನೋಡ್ರಿ. ನಿಮ್ಮ ಮುಂದ ಇನ್ನೊಬ್ಬರ ಮನೀ ಮಾತ ಆಡಿದ್ರ ಎದ್ದ ಬಂದಬಿಡ್ರಿ. ನಾಳೆ ನಿಮ್ಮದೂ ಆಡ್ತಾರ." ಹೊಡೆತ ಬಡಿತವಿರುವ ಮನೆಯವರನ್ನು ಅವರು ಒಟ್ಟಿಗೆ ಕೂರಿಸುವುದಿಲ್ಲ. ಏಟು ತಿಂದವರನ್ನು ಬೇರೆಯಾಗಿ ಕರೆದು, ಮೊದಲು ಅವರಿಗೊಂದು ಭದ್ರವಾದ ನೆಲೆ ನೋಡುತ್ತಾರೆ.

ಕುರನೂರಿನವರು ಮೊದಲ ಸಲ ಬಂದಾಗ ಇದನ್ನು ಪಂಚಾಯ್ತಿ ಎಂದುಕೊಂಡಿದ್ದರು. ಹಿರಿಯ ಮಗ ಕಲ್ಲಣ್ಣ, ಹೆಂಡತಿ ಕಲ್ಯಾಣಮ್ಮ, ಇನ್ನೂ ಮದುವೆಯಾಗದ ತಮ್ಮ ಸಾಯಬಣ್ಣ, ತಾಯಿ ಸೋನಾಬಾಯಿ. ಇವರೊಂದಿಗೆ ಊರ ಪಂಚರಲ್ಲೊಬ್ಬರಾದ ಸಿದ್ದಣ್ಣ, ತಲೆಗೆ ಒಗೆದ ಪಟಗಾ ಸುತ್ತಿಕೊಂಡು.

"ಹೂಂ, ತಪ್ಪು ಯಾರದ ಹೇಳ್ರಿ ಬಾಯಿ," ಎಂದರು ಸಿದ್ದಣ್ಣ ಕೂತವರೇ.

"ಇಲ್ಲಿ ತೀರ್ಪು ಕೊಡೂದಿಲ್ರಿ ಕಾಕಾ."

"ತೀರ್ಪು ಇಲ್ಲಂದ್ರ ನಾ ಪಟಗಾ ಸುತಗೊಂಡ ಬಂದದ್ದ ಯಾಕ?"

ಅವರಿಗೆ ಚಹಾ ಕೊಟ್ಟು, ಮರ್ಯಾದೆಯಿಂದಲೇ ಕೆಳಗಿನ ಕಟ್ಟೆಗೆ ಕಳಿಸಬೇಕಾಯಿತು.

ಆಮೇಲೆ ಸುಮಿತ್ರಾಬಾಯಿ ಪ್ರತಿ ಮನೆಯವರಿಗೂ ಹೇಳುವುದನ್ನೇ ಹೇಳಿದರು: "ಮನ್ಯಾಗ ಊಟಕ್ಕ ಹೆಂಗ ಕುಂದರತೀರಿ, ಹಂಗ ಕುಂದರ್ರಿ." ಮುಂಬಯಿಯಲ್ಲಿ ಕುರ್ಚಿಗಳನ್ನು ದುಂಡಗೆ ಇಡಲು ಕಲಿಸಿದ್ದರಂತೆ. ಇಲ್ಲಿ ಮಾವನ ಎದುರು ಸೊಸೆ ಕುರ್ಚಿಯಲ್ಲಿ ಕೂರಳು, ಕೂತರೂ ಬಾಯಿ ಬಿಡಳು. ಊಟದ ಪಂಕ್ತಿಯಾದರೆ ಯಾರಿಗೂ ಹೊಸದಲ್ಲ. ಯಾರು ಯಾರ ಪಕ್ಕ, ಯಾರಿಗೆ ಮೊದಲು, ಯಾರು ಕೊನೆಗೆ, ಎಲ್ಲವೂ ಕೇಳದೆ ತಿಳಿಯುತ್ತದೆ.

ಕಲ್ಲಣ್ಣ ಮೂಡಣ ಗೋಡೆಗೆ ಕೂತರು. ಸಾಯಬಣ್ಣ ಎದುರು ಗೋಡೆಗೆ, ಅಣ್ಣನಿಗೆ ಅರ್ಧ ಬೆನ್ನು ಹಾಕಿ. ನಡುವೆ ಸೋನಾಬಾಯಿ. ಕಲ್ಯಾಣಮ್ಮ ಮಾತ್ರ ನಿಂತೇ ಇದ್ದರು. ಕೂರಲು ಹೇಳಿದರೆ, "ನಾ ನೀಡಾಕಿ ಅಲ್ರೀ?" ಎಂದರು.

ಸ್ವಲ್ಪ ಹೊತ್ತಿಗೆ ಸಾಯಬಣ್ಣ ಅತ್ತಿಗೆಗೆ, "ವೈನೀ, ನಾಳೆ ನೀರಿನ ಪಾಳಿ ನಂದಂತ ಹೇಳ ಅವಗ," ಎಂದ. ಅಣ್ಣ ನಾಲ್ಕು ಮೊಳ ದೂರದಲ್ಲಿ ಕೂತಿದ್ದಾರೆ. ಕಲ್ಯಾಣಮ್ಮ ತಿರುಗಿ ಗಂಡನಿಗೆ ಹೇಳಿದರು. "ನಾಡಿದ್ದ ನೋಡೂಣು ಅಂತ ಹೇಳ ಅವಗ," ಎಂದರು ಕಲ್ಲಣ್ಣ. ಕಲ್ಯಾಣಮ್ಮ ಮತ್ತೆ ಈ ಕಡೆ ತಿರುಗಿದರು. ಮಗ್ಗದ ಲಾಳಿ ಹೀಗೇ ಓಡಾಡುತ್ತದೆ. ಅರ್ಧ ತಾಸಿನಲ್ಲಿ ಹದಿನೇಳು ಸಲ, ಸುಮಿತ್ರಾಬಾಯಿ ಎಣಿಸಿದ್ದಾರೆ. ಮನೆಯವರು ಯಾರೂ ಇದನ್ನು ಗಮನಿಸಿಯೇ ಇರಲಿಲ್ಲ. ಮೂರು ವರ್ಷದಿಂದ ಹೀಗೇ ನಡೆದಿತ್ತು. ಮೂರ್ಛೆ ಬರುತ್ತಿದ್ದದ್ದು ಅಣ್ಣತಮ್ಮ ಇಬ್ಬರೂ ಒಂದೇ ಹೊತ್ತಿಗೆ ಊಟಕ್ಕೆ ಕೂತ ದಿನ, ತಟ್ಟೆ ಕೈಯಲ್ಲಿರುವಾಗಲೇ.

ಎರಡನೆಯ ವಾರ ಸುಮಿತ್ರಾಬಾಯಿ ಕಲ್ಯಾಣಮ್ಮನ ಕೈ ಹಿಡಿದು ತಮ್ಮ ಪಕ್ಕ ಕೂರಿಸಿಕೊಂಡರು. "ಇವತ್ತ ಈಕಿ ಕುಂದರತಾಳ. ಹೇಳೂದಿದ್ರ ನೀವ ನೀವ ಹೇಳಕೋರಿ." ಅಣ್ಣ ಕಿಟಕಿ ನೋಡುತ್ತ, ತಮ್ಮ ಜಮಖಾನೆಯ ದಾರ ಕೀಳುತ್ತ ಇಪ್ಪತ್ತು ನಿಮಿಷ ಕಳೆದರು. ಕೊನೆಗೆ ಸೋನಾಬಾಯಿ ರೇಗಿದರು: "ಇದೆಂಥಾ ಔಷಧರೀ? ಸುಮ್ಮ ಕುಂದ್ರಾಕ ನಮ್ಮೂರಾಗ ಕಟ್ಟಿ ಇರಲಿಲ್ಲೇನು?"

ಮೂರನೆಯ ವಾರ ಸಾಯಬಣ್ಣ ಗೋಡೆ ನೋಡುತ್ತ ಒಂದೇ ಮಾತಾಡಿದ: "ಮೂರ ವರ್ಷದ ಹಿಂದ ಅಪ್ಪ ತೀರಿದಾಗ ನಾ ಇಲ್ಲೇ ಸೊಲ್ಲಾಪುರದಾಗ ಮಗ್ಗದ ಮ್ಯಾಲ ಇದ್ದೆ. ಊರಿಗಿ ಮುಟ್ಟೂದರಾಗ ಮಣ್ಣ ಮುಚ್ಚಿದ್ರು." ಕಲ್ಲಣ್ಣ ಧಡಕ್ಕನೆ ಎದ್ದು ಮೆಟ್ಟಿಲಿಳಿದು ಹೋಗಿಬಿಟ್ಟರು.

ಆ ವಾರವೆಲ್ಲ ಸುಮಿತ್ರಾಬಾಯಿಗೆ ಸಮಾಧಾನವಿಲ್ಲ. "ನಾ ಅವಸರ ಮಾಡಿದೆನೇನೋ. ಗಾಯ ತೆರದ ಕಳಿಸಿದೆನೇನೋ. ಇದರಾಗ ಗುಳಿಗಿ ಇಲ್ಲ, ಸೂಜಿ ಇಲ್ಲ. ತಪ್ಪಿದ್ರ ಒಬ್ಬ ಹೆಣ್ಮಗಳು ಮಕ್ಕಳನ ಬಿಟ್ಟ ಹೋಗಬೇಕಾಗ್ತದ."

ಆರೂವರೆ. ಮೆಟ್ಟಿಲ ಮೇಲೆ ಸಪ್ಪಳ. ಗಂಡಸರ ಚಪ್ಪಲಿ, ಎರಡು ಜೊತೆ. ಸುಮಿತ್ರಾಬಾಯಿ ಬಳೆಯ ಸದ್ದಿಗಾಗಿ ಕಿವಿಗೊಡುತ್ತಾರೆ. ಅದು ಕೇಳಿಸುವುದಿಲ್ಲ. ಬಾಗಿಲಲ್ಲಿ ಕಲ್ಲಣ್ಣ, ಹಿಂದೆ ಸಾಯಬಣ್ಣ. ಸುಮಿತ್ರಾಬಾಯಿಯ ಮುಖ ಇಳಿದುಹೋಗುತ್ತದೆ.

"ಕಲ್ಯಾಣಮ್ಮ ಎಲ್ಲಿರಿ? ತವರಿಗಿ ಬಿಟ್ಟ ಬಂದ್ರೇನು?"

"ಎಲ್ಲೀ ತವರ ಬಿಡ್ರಿ," ಎನ್ನುತ್ತಾರೆ ಕಲ್ಲಣ್ಣ, ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುವುತ್ತ. "ಮನ್ಯಾಗ ಅದಾಳ, ಅವ್ವನ ಕೂಡ, ಮಕ್ಕಳ ಕೂಡ. ಬರ್ತೀನಂತ ತಯಾರಾಗಿದ್ಲು. ನಾನ ಬ್ಯಾಡ ಅಂದೆ. ಜಗಳ ನಮ್ಮಿಬ್ಬರದು, ನಡುವ ಆಕಿ ಯಾಕ?"

ಸಾಯಬಣ್ಣ ಕೂರುವ ಮೊದಲೇ ಶುರು ಮಾಡುತ್ತಾನೆ, ಈ ಸಲ ಅಣ್ಣನ ಮುಖ ನೋಡಿ: "ನಾಕ ತಾಸ ಕಾದಿದ್ರ ಏನಾಗ್ತಿತ್ತೋ ನಿಂಗ? ನಮ್ಮಪ್ಪನ ಮಾರಿ ನೋಡೂ ಹಕ್ಕ ನಂಗ ಇರಲಿಲ್ಲೇನು?"

"ಅವ್ವ ಹೆಣಾ ತಬ್ಬಕೊಂಡ ಎರಡ ಸಲ ಎಚ್ಚರ ತಪ್ಪಿದ್ಲು! ಹಿರ್ಯಾರು ನಡೀ ನಡೀ ಅಂತಿದ್ರು. ನಾ ಒಬ್ಬಾವ ಏನ ಮಾಡ್ಲೋ? ನೀ ಬಂದ ಮ್ಯಾಲ ಒಂದ ಮಾತ ಕೇಳಿದ್ಯಾ?"

"ಹೇಳಿದ್ಯಾ ನೀ?"

ದನಿ ಏರುತ್ತದೆ. ಜಮಖಾನೆಯ ಮೇಲೆ ಅಂಗೈ ಬಡಿಯುವ ಸದ್ದು. ಸುಮಿತ್ರಾಬಾಯಿ ನಡುವೆ ಬಾಯಿ ಹಾಕುವುದಿಲ್ಲ. ಕೆಳಗೆ ಚಹಾ ಮಾರುವ ತುಕಾರಾಮ ಗದ್ದಲ ಕೇಳಿ, ಕೈಯಲ್ಲಿ ಕಿಟಲಿ ಹಿಡಿದೇ ಅರ್ಧ ಮೆಟ್ಟಿಲು ಓಡಿ ಬರುತ್ತಾನೆ.

"ಏನಾತ್ರಿ ಬಾಯೀ? ಬಡದಾಡಾಕತ್ತಾರೇನ? ಪೋಲೀಸರನ್ನ ಕರೀಲಿ?"

ಸುಮಿತ್ರಾಬಾಯಿ ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಳ್ಳುತ್ತಾರೆ. ಕಣ್ಣಂಚು ಒದ್ದೆಯಾಗಿದೆ, ಮುಖದಲ್ಲಿ ನಗೆಯಿದೆ.

"ಬ್ಯಾಡೋ ತುಕಾರಾಮ," ಎನ್ನುತ್ತಾರೆ. "ಅಣ್ಣತಮ್ಮ ಮೂರ ವರ್ಷದ ಮ್ಯಾಲ ಮಾತಾಡಾಕತ್ತಾರ. ಆಡ್ಲಿ ಬಿಡು."